ಮೂವತ್ತೆಂಟು ನಿಮಿಷ

ಫೆಬ್ರವರಿ ೪, ಮಂಗಳವಾರ

ಆ ಕೆಲಸ ಕೊನೆಗೂ ನನ್ನ ಮೇಜಿಗೇ ಬಂತು. ಔಷಧದ ಸೀಸೆ ಮಾಡುವ ಕಂಪನಿಗೆ ಎರಡು ಗಾಜಿನ ಕಾರ್ಖಾನೆಗಳಿವೆ. ಹೊಸದು ನದಿಯಾಚೆ, ಹಳೆಯದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಹಳೆಯದನ್ನು ಮುಚ್ಚಬೇಕೇ ಬೇಡವೇ ಎಂಬುದು ಅವರ ಪ್ರಶ್ನೆ. ಅದನ್ನು ಕಂಪ್ಯೂಟರಿನೊಳಗೆ ಇದ್ದ ಹಾಗೇ ಕಟ್ಟಿ, ಹತ್ತು ವರ್ಷ ಓಡಿಸಿ ನೋಡಿ, ದಿನಕ್ಕೆ ಎರಡು ಲಕ್ಷ ಸೀಸೆ ಕೊಡುವ ದಾರಿ ಇದೆಯೇ ಹೇಳಿ ಎಂದು ನಮ್ಮ ಸಂಶೋಧನಾ ಕೇಂದ್ರವನ್ನು ಕೇಳಿದ್ದಾರೆ. ಏಪ್ರಿಲ್ ಹನ್ನೊಂದಕ್ಕೆ ಸಮಿತಿಯ ಮುಂದೆ ವರದಿ.

ವಿಭಾಗದ ಮೇಡಂ ಕರೆದು, "ನಿಮ್ಮಣ್ಣ ಅಲ್ಲೇ ಫಿಟ್ಟರ್ ಅಲ್ವಾ?" ಎಂದರು. ಕೆಲಸ ಕೈ ತಪ್ಪಿತು ಎಂದುಕೊಂಡೆ. "ಒಳ್ಳೇದೇ ಆಯ್ತು ಬಿಡಿ, ಒಳಗಿನ ಲೆಕ್ಕ ಎಲ್ಲಾ ಸಿಗುತ್ತೆ. ಮೊದಲ ಪುಟದಲ್ಲೇ ಆ ವಿಷಯ ಬರೆದುಬಿಡಿ, ಆಮೇಲೆ ತಲೆನೋವು ಬೇಡ."

ಸಂಜೆ ಮನೆಯಲ್ಲಿ ಹೇಳಿದೆ. ಅಣ್ಣ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕ. "ಹಾಗಾದ್ರೆ ನಮ್ಮ ಹಣೆಬರಹ ಬರೆಯೋನು ನೀನೇ ಅನ್ನು."

"ಅವನ ಅಕ್ಷರ ಅವನಿಗೇ ಓದೋಕೆ ಬರಲ್ಲ," ಎಂದರು ಅತ್ತಿಗೆ.

ಇಂಥ ಸಮಸ್ಯೆ ಸಿಗಲೆಂದು ನಾಲ್ಕು ವರ್ಷದಿಂದ ಕಾಯುತ್ತಿದ್ದೆ. ತುಂಬಾ ಖುಷಿಯಾಗಿದೆ.

ಫೆಬ್ರವರಿ ೭, ಶುಕ್ರವಾರ

ಇಡೀ ದಿನ ಕಾರ್ಖಾನೆಯಲ್ಲಿ. ಬೂಟಿನೊಳಗೂ ಬಿಸಿ. ಅಪ್ಪ ಹೋದಾಗ ನನಗೆ ಏಳು ವರ್ಷ, ಅಣ್ಣನಿಗೆ ಹದಿನೆಂಟು. ಆ ವರ್ಷವೇ ಇಲ್ಲಿ ಸೇರಿದ. ನಾನು ಓದಿದ್ದೆಲ್ಲ ಈ ಕುಲುಮೆಯ ಶಾಖದಲ್ಲೇ ಎನ್ನಬೇಕು. ಆದರೂ ಇಷ್ಟು ಹತ್ತಿರದಿಂದ ನೋಡಿದ್ದು ಇವತ್ತೇ ಮೊದಲು.

ಕುಲುಮೆಯಲ್ಲಿ ಕರಗಿದ ಗಾಜು ಒಂದು ಇಟ್ಟಿಗೆ ಕಾಲುವೆಯಲ್ಲಿ ಹರಿದು ಬಂದು ಕೊನೆಗೆ ಒಂದು ತೂತಿನಿಂದ ಕೆಳಗಿಳಿಯುತ್ತದೆ. ಅದನ್ನು ಇವರು 'ಬಾಯಿ' ಎನ್ನುತ್ತಾರೆ. ಅಲ್ಲೊಂದು ಕತ್ತರಿ ಗಾಜನ್ನು ತುಂಡು ತುಂಡಾಗಿ ಕತ್ತರಿಸಿ ಅಚ್ಚಿಗೆ ಬೀಳಿಸುತ್ತದೆ. ಕತ್ತರಿ ಗಾಜಿಗೆ ಅಂಟಿ ಬಾಯಿ ಕಚ್ಚಿಕೊಂಡರೆ ಎಲ್ಲ ನಿಂತಿತು. ಒಂದು ಗಂಟೆಯೊಳಗೆ ಬಿಡಿಸಿದರೆ ಬಚಾವ್. ಗಂಟೆ ದಾಟಿದರೆ ಕಾಲುವೆಯ ಗಾಜು ಗಟ್ಟಿಯಾಗುತ್ತದೆ, ಮತ್ತೆ ಮೆಲ್ಲಗೆ ಕಾಯಿಸಿ ಹರಿಸುವಷ್ಟರಲ್ಲಿ ಒಂದು ಪಾಳಿಯೇ ಹೋಯಿತು. ಬಾಯಿ ವಾರಕ್ಕೆ ಮೂರು ಸಲವಾದರೂ ಕಚ್ಚಿಕೊಳ್ಳುತ್ತದೆ. ಬಿಡಿಸುವವನು ಅಣ್ಣ.

ರಿಪೇರಿ ಪುಸ್ತಕದಿಂದ ಎರಡು ವರ್ಷದ್ದನ್ನು ಬರೆದುಕೊಂಡೆ. ಅಣ್ಣ ಮಾಡಿದವುಗಳ ಸರಾಸರಿ ಮೂವತ್ತೆಂಟು ನಿಮಿಷ. ನಂಬಲಾಗದಷ್ಟು ಸ್ಥಿರ.

ಮೇಲೆ ಕ್ರೇನ್ ಓಡಿಸುವ ಹೆಂಗಸನ್ನು ಎಲ್ಲರೂ ಕ್ರೇನಕ್ಕ ಎನ್ನುತ್ತಾರೆ. ನನ್ನ ಕೈಯಲ್ಲಿ ಗಡಿಯಾರ ನೋಡಿ ಮೇಲಿನಿಂದಲೇ ಕೂಗಿದರು: "ಏನ್ಸಾರ್, ಓಟದ ಪಂದ್ಯಾನಾ?"

ಫೆಬ್ರವರಿ ೧೨, ಬುಧವಾರ

ಮಾದರಿ ಓಡಿತು! ದಿನಕ್ಕೆ ಎರಡು ಲಕ್ಷದ ಹದಿನಾಲ್ಕು ಸಾವಿರ. ಅಚ್ಚಿನ ಯಂತ್ರಗಳ ಸರದಿ ಸ್ವಲ್ಪ ಬದಲಿಸಿದರೆ ಇನ್ನೂ ಆರು ಸಾವಿರ ಮೇಲೆ. ಕಾರ್ಖಾನೆ ಉಳಿಯುತ್ತದೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಬರ್ತಾ ಅತ್ತಿಗೆ ಮಾತ್ರೆ ತಗೊಂಡ್ ಬಾ," ಎಂದ. ಅತ್ತಿಗೆಗೆ ಏನಾಗಿದೆ ಎಂದು ಕೇಳುವುದು ಮರೆತೆ.

ಫೆಬ್ರವರಿ ೧೯, ಬುಧವಾರ

ಯಾವ ಅಂಕಿ ಅಲುಗಾಡಿದರೆ ಇಡೀ ಲೆಕ್ಕ ಅಲುಗಾಡುತ್ತದೆ ಎಂದು ಒಂದೊಂದಾಗಿ ಅಲುಗಾಡಿಸಿ ನೋಡಿದೆ. ಗ್ಯಾಸ್, ಅಚ್ಚು, ಪ್ಯಾಕಿಂಗು ಯಾವುದರಿಂದಲೂ ಹೆಚ್ಚು ವ್ಯತ್ಯಾಸವಿಲ್ಲ. ಬಾಯಿಯ ರಿಪೇರಿಯಿಂದ ಮಾತ್ರ ಇದೆ. ಹೋದ ವರ್ಷ ಅಣ್ಣ ಒಂದು ತಿಂಗಳು ರಜೆಯಲ್ಲಿದ್ದಾಗ ಬೇರೆ ಫಿಟ್ಟರುಗಳು ತೆಗೆದುಕೊಂಡದ್ದು ನೂರೈವತ್ತು ನಿಮಿಷ. ಅದನ್ನು ಹಾಕಿದರೆ ದಿನಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ. ಕಾರ್ಖಾನೆ ಮುಳುಗುತ್ತದೆ.

ನಾನೂರು ಜನರ ಕಾರ್ಖಾನೆ ಒಬ್ಬನ ಮೂವತ್ತೆಂಟು ನಿಮಿಷದ ಮೇಲೆ ನಿಂತಿದೆ. ಪ್ರಬಂಧ ಬರೆಯುವುದಕ್ಕೆ ಒಳ್ಳೆಯ ವಿಷಯ.

ಫೆಬ್ರವರಿ ೨೪, ಸೋಮವಾರ

ಇವತ್ತು ಬಾಯಿ ಕಚ್ಚಿಕೊಂಡಾಗ ನಾನು ಅಲ್ಲೇ ಇದ್ದೆ. ನನ್ನ ಗಡಿಯಾರದಲ್ಲಿ ನಲವತ್ತೇಳು ನಿಮಿಷ. ಸಂಜೆ ಪುಸ್ತಕ ನೋಡಿದರೆ ಮೂವತ್ತೇಳು ಎಂದಿದೆ. ಪುಸ್ತಕ ಬರೆಯುವ ಗುಮಾಸ್ತರನ್ನು ಕೇಳಿದೆ. "ನಿಮ್ಮಣ್ಣ ಹೇಳಿದ್ದು, ನಾನು ಬರ್ಕೊಂಡಿದ್ದು," ಎಂದರು. ನಾನು ತಪ್ಪು ಹೊತ್ತಿಗೆ ಗುಂಡಿ ಒತ್ತಿರಬೇಕು.

ಬೆಳಿಗ್ಗೆ ಅತ್ತಿಗೆ ಅಣ್ಣನ ಅಂಗಿಯ ಗುಂಡಿ ಹಾಕುತ್ತಿದ್ದರು. "ಇಪ್ಪತ್ತು ವರ್ಷ ಆದ್ಮೇಲೂ ಏನ್ ಪ್ರೀತಿ!" ಎಂದು ರೇಗಿಸಿದೆ. ಅತ್ತಿಗೆ ತಿರುಗಿ, "ನಿಂಗೆ ಕೆಲಸ ಇಲ್ವಾ?" ಎಂದು ಸಿಡುಕಿದರು. ಅವರು ಹಾಗೆ ಮಾತಾಡುವವರಲ್ಲ. ಮೈ ಸರಿ ಇಲ್ಲವೇನೋ.

ಮಾರ್ಚ್ ೩, ಸೋಮವಾರ

ಹೊಸ ಗಡಿಯಾರ ತಂದೆ. ಕಳೆದ ನಾಲ್ಕು ರಿಪೇರಿ: ನಲವತ್ತಾರು, ಐವತ್ತೊಂದು, ನಲವತ್ತೊಂಬತ್ತು, ಐವತ್ತೇಳು. ಪುಸ್ತಕದಲ್ಲಿ ನಾಲ್ಕೂ ಮೂವತ್ತರ ಮೇಲೆ, ನಲವತ್ತರ ಒಳಗೆ.

"ಬೋಲ್ಟು ಹಳೇದಾಗಿದೆ ಕಣೋ," ಎಂದ ಅಣ್ಣ. ಬೋಲ್ಟು ಬದಲಿಸಲು ಬರೆದುಕೊಟ್ಟೆ. ಉಗ್ರಾಣದವರು ಜನವರಿಯಲ್ಲೇ ಬದಲಿಸಿದ್ದೇವೆ ಎಂದು ಉತ್ತರ ಕಳಿಸಿದರು.

ಮಾರ್ಚ್ ೫

ಅಣ್ಣ ಊಟ ಮಾಡಲು ಇಪ್ಪತ್ತೊಂಬತ್ತು ನಿಮಿಷ. ಎಡಗೈಯಲ್ಲಿ.

ಮಾರ್ಚ್ ೬

ಬೂಟಿನ ದಾರ: ಮೂರು ನಿಮಿಷ ಹತ್ತು ಸೆಕೆಂಡು, ಆಮೇಲೆ ಅತ್ತಿಗೆ ಕಟ್ಟಿದರು. ಯಾಕೆ ಬರೆದುಕೊಳ್ಳುತ್ತಿದ್ದೇನೆ ಗೊತ್ತಿಲ್ಲ.

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ಅಣ್ಣ ತಾರಸಿಗೆ ಕರೆದ. ಒಣಗಿದ ಬಟ್ಟೆಗಳ ಮಧ್ಯೆ ನಿಂತು ಬಲಗೈ ಮುಂದೆ ಚಾಚಿದ. ಕೈ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದ. ಎಡಗೈಯೂ ನಡುಗುತ್ತಿತ್ತು.

"ನೋಡ್ಕೋ. ಗಡಿಯಾರ ಹಿಡ್ಕೊಂಡು ಹಿಂದೆ ಹಿಂದೆ ಸುತ್ತೋ ಬದಲು ನೆಟ್ಟಗೆ ನೋಡ್ಕೋ."

"ಯಾವಾಗಿಂದ?"

"ಎರಡು ವರ್ಷ. ಹೋದ ವರ್ಷ ಬೆನ್ನು ನೋವು ಅಂತ ರಜೆ ಹಾಕಿದ್ನಲ್ಲ, ಆಗ್ಲೇ ಡಾಕ್ಟರ್ ಹೇಳಿದ್ರು. ನರದ ಕಾಯಿಲೆ. ಮಾತ್ರೆ ಇದೆ, ವಾಸಿ ಇಲ್ಲ."

ಅತ್ತಿಗೆಯ ಮಾತ್ರೆ ಎಂದು ನಾನು ತಂದುಕೊಡುತ್ತಿದ್ದದ್ದು ಅದನ್ನೇ. ಪೊಟ್ಟಣದ ಮೇಲಿನ ಹೆಸರನ್ನು ಒಂದು ದಿನವೂ ಓದಿರಲಿಲ್ಲ.

"ಈಗ ಕೇಳು," ಎಂದ. "ನಿನ್ನ ಕಂಪ್ಯೂಟರಿಗೆ ಮೂವತ್ತೆಂಟು ಅಂತಾನೇ ಹೇಳು. ಪುಸ್ತಕದಲ್ಲಿ ಹಾಗೇ ಇದೆ, ನೀನೇನು ಸುಳ್ಳು ಹೇಳಿದ ಹಾಗಾಗಲ್ಲ. ನಾನೂರು ಮನೆ ಕಣೋ. ನಾನು ನಿನ್ನ ಹತ್ರ ಇದುವರೆಗೂ ಏನಾದ್ರೂ ಕೇಳಿದೀನಾ?"

ಇಲ್ಲ. ಒಂದು ಸಲವೂ ಕೇಳಿಲ್ಲ.

ಮಾರ್ಚ್ ೧೦, ಸೋಮವಾರ

ಕರಡು ವರದಿಯಲ್ಲಿ ಮೂವತ್ತೆಂಟು ಎಂದು ಬರೆದೆ. ಅಡಿಯಲ್ಲಿ "ಮೂಲ: ಕಾರ್ಖಾನೆಯ ರಿಪೇರಿ ಪುಸ್ತಕ". ಇದು ನಿಜವೇ. ಮೂಲ ಅದೇ.

ಮೇಡಂ ಓದಿ, "ತುಂಬಾ ಚೆನ್ನಾಗಿದೆ," ಎಂದರು.

ಮಾರ್ಚ್ ೧೩, ಗುರುವಾರ

ಅಣ್ಣನ ಕೈ ಇನ್ನೂ ನಿಧಾನವಾಗುತ್ತಲೇ ಹೋಗುತ್ತದೆ, ಹಾಗಾಗಿ ಬೇರೆ ದಾರಿ ಹುಡುಕುತ್ತಿದ್ದೇನೆ. ಕಾಲುವೆಗೆ ಹೆಚ್ಚು ಬರ್ನರ್, ಎರಡನೇ ಬಾಯಿ, ಸೀಸೆಯ ತೂಕ ಕಡಿಮೆ, ಪಾಳಿಯ ಹೊತ್ತು ಅದಲುಬದಲು. ನಾಲ್ಕು ದಿನದಲ್ಲಿ ಆರು ಸಾವಿರ ಸಲ ಓಡಿಸಿದೆ. ಹತ್ತು ವರ್ಷದ ಕಾರ್ಖಾನೆ ಆರು ಸಾವಿರ ಸಲ ನನ್ನ ಕಣ್ಣೆದುರು ಹುಟ್ಟಿ ಮುಚ್ಚಿಹೋಯಿತು. ಒಂದೇ ಒಂದು ದಾರಿ ಉಳಿದಿದೆ. ಅಣ್ಣನಲ್ಲದ ಇನ್ನೊಬ್ಬರು ಐವತ್ತೈದು ನಿಮಿಷದೊಳಗೆ ಬಾಯಿ ಬಿಡಿಸಬೇಕು.

ಮಾರ್ಚ್ ೧೪, ಶುಕ್ರವಾರ

"ಯಾರಿಗಾದ್ರೂ ಕಲಿಸು," ಎಂದೆ.

"ಕಲಿಸೋಕೆ ಅದೇನು ಮಗ್ಗೀನಾ?" ಎಂದು ಅಣ್ಣ ಹರಿಹಾಯ್ದ. "ಕತ್ತರಿ ಸದ್ದು ಕೇಳಬೇಕು. ಗಾಜಿನ ಬಣ್ಣ ನೋಡಬೇಕು. ಮೂವತ್ತೊಂದು ವರ್ಷ ಆಯ್ತು ನಂಗೆ. ನಿನ್ನ ಹತ್ರ ಎಷ್ಟು ದಿನ ಇದೆ?"

"ಇಪ್ಪತ್ತೆಂಟು."

ತಟ್ಟೆ ತಳ್ಳಿ ಎದ್ದುಹೋದ. ಅತ್ತಿಗೆ ಆ ತಟ್ಟೆಯನ್ನೇ ನೋಡುತ್ತಾ, "ಕಲಿಸ್ತಾರೆ. ಸ್ವಲ್ಪ ಹೊತ್ತು ಬಿಡು," ಎಂದರು.

ಮಾರ್ಚ್ ೧೭, ಸೋಮವಾರ

ಕಲಿಯಲು ಒಪ್ಪಿದ್ದು ಕ್ರೇನಕ್ಕ. ಫಿಟ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಿದ್ದಾಗ ಅವರು ಏಣಿ ಇಳಿದು ಬಂದರು. "ಹನ್ನೊಂದು ವರ್ಷದಿಂದ ಮೇಲೆ ಕೂತು ಇವರ ತಲೆ ಬೋಳಾಗೋದನ್ನ ನೋಡ್ತಿದೀನಿ. ಅದರ ಜೊತೆ ಕೈ ಏನು ಮಾಡುತ್ತೆ ಅಂತಾನೂ ನೋಡಿದೀನಿ." ಅಣ್ಣ ನಗಲಿಲ್ಲ. ಆದರೆ ತನ್ನ ದಪ್ಪ ಕೈಗವಸುಗಳನ್ನು ಅವರಿಗೆ ಕೊಟ್ಟ.

ಮೊದಲ ರಿಪೇರಿ: ನೂರ ಮೂವತ್ತೆರಡು ನಿಮಿಷ. ಒಂದು ಪಾಳಿ ಹೋಯಿತು. ಕಾರ್ಖಾನೆಯ ಮ್ಯಾನೇಜರ್ ಬಂದು ಕೂಗಾಡಿದರು. ಅಣ್ಣನ ಕಾಯಿಲೆ ಅವರಿಗೂ ಗೊತ್ತಿಲ್ಲ. ಕ್ರೇನಕ್ಕನಿಗೆ ಗೊತ್ತಿದೆ, ಅಣ್ಣನ ಕೈ ಕಡೆ ಅವರು ನೋಡುವುದೇ ಇಲ್ಲ.

ಮಾರ್ಚ್ ೨೧

ನೂರ ಹದಿನೆಂಟು. ತೊಂಬತ್ತೇಳು.

ಮಾರ್ಚ್ ೨೬, ಬುಧವಾರ

ಎಂಬತ್ತೊಂದು. ಬಾಯಿ ಕಚ್ಚಿಕೊಳ್ಳಲಿ ಎಂದು ಬೇಡಿಕೊಳ್ಳುವ ಸ್ಥಿತಿಗೆ ಬಂದಿದ್ದೇನೆ. ಕಚ್ಚಿಕೊಳ್ಳದಿದ್ದರೆ ಕಲಿಯುವುದು ಹೇಗೆ? ಅಣ್ಣ ಅವರ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತು, "ಈಗ ಎಡಕ್ಕೆ. ಸದ್ದು ಕೇಳಿಸ್ತಾ? ಅಷ್ಟೇ, ಅಷ್ಟೇ," ಎನ್ನುತ್ತಾನೆ. ನನಗೆ ಲೆಕ್ಕ ಹೇಳಿಕೊಡುವಾಗ ಹೀಗೇ ಹೇಳುತ್ತಿದ್ದ. ತಾನು ಅರ್ಧಕ್ಕೆ ಬಿಟ್ಟ ಪುಸ್ತಕಗಳನ್ನೇ ನನ್ನ ಮುಂದೆ ಹರಡಿಕೊಂಡು.

ಮಾರ್ಚ್ ೩೧

ಎಪ್ಪತ್ತೊಂಬತ್ತು. ಎಂಬತ್ತು. ಎಂಬತ್ತು. ಕೆಳಗಿಳಿಯುತ್ತಿಲ್ಲ. ಆರು ತಿಂಗಳಿದ್ದರೆ ಇಳಿಯುತ್ತಿತ್ತು. ನನ್ನ ಹತ್ತಿರ ಹನ್ನೊಂದು ದಿನ ಇದೆ.

ಏಪ್ರಿಲ್ ೨, ಬುಧವಾರ

ಬೆಳಿಗ್ಗೆ ಹತ್ತೂಕಾಲಿಗೆ ಬಾಯಿ ಕಚ್ಚಿಕೊಂಡಿತು. ಕ್ರೇನಕ್ಕ ಚೆನ್ನಾಗಿಯೇ ಮಾಡುತ್ತಿದ್ದರು. ನಲವತ್ತೆಂಟು ನಿಮಿಷಕ್ಕೆ ಕತ್ತರಿ ಬಿಟ್ಟಿತ್ತು, ಕೂರಿಸುವುದಷ್ಟೇ ಬಾಕಿ. ನಾನು, "ಇನ್ನು ಏಳು ನಿಮಿಷ," ಎಂದೆ. ಜೋರಾಗಿಯೇ ಎಂದೆ. ಯಾಕೆ ಅಂದೆನೋ.

ಅಣ್ಣ, "ಪಕ್ಕಕ್ಕೆ ಸರೀರಿ, ಇಲ್ಲಿ ಕೊಡಿ," ಎಂದು ಇಕ್ಕಳ ಕಿತ್ತುಕೊಂಡ. ಒಂದು ಕ್ಷಣ ಎಲ್ಲ ಸರಿಯಿತ್ತು, ಅವನ ಕೈ ನೆಟ್ಟಗೇ ಹೋಯಿತು. ಆಮೇಲೆ ಇಕ್ಕಳ ಜಾರಿತು. ಕರಗಿದ ಗಾಜಿನ ಮುದ್ದೆ ಬಾಯಿಯ ಕೆಳಗಿನ ಕಬ್ಬಿಣದ ತಟ್ಟೆಯ ಅಂಚಿಗೆ ಬಡಿದು ಸಿಡಿಯಿತು. ಕ್ರೇನಕ್ಕ ಅಡ್ಡ ತೋಳು ಹಿಡಿದರು, ಮುಖ ಉಳಿಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ಸುಟ್ಟಿತು.

ಅವರು ಕೂಗಲಿಲ್ಲ. ಅಣ್ಣ ಕೂಗಿದ.

ಏಪ್ರಿಲ್ ೩

ಅಪಘಾತದ ವರದಿ: "ತರಬೇತಿಯಲ್ಲಿದ್ದ ನೌಕರಳ ಅಜಾಗರೂಕತೆ." ಮ್ಯಾನೇಜರ್ ಬರೆದದ್ದು. ಕೆಳಗೆ ಅಣ್ಣನ ಸಹಿ. ಸಹಿ ಅಂದರೆ ಒಂದು ಡೊಂಕು ಗೆರೆ.

ಏಪ್ರಿಲ್ ೪

ಏನೂ ಬರೆಯಲಾಗುತ್ತಿಲ್ಲ.

ಏಪ್ರಿಲ್ ೫, ಶನಿವಾರ

ಆಸ್ಪತ್ರೆಗೆ ಹೋದೆ. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ಕ್ರೇನಕ್ಕನ ತಂಗಿ ಬಾಟಲಿಯಲ್ಲಿ ನೀರು ತುಂಬಿಸಲು ಹೊರಗೆ ಹೋದರು.

"ವರದಿಯಲ್ಲಿ ನಿಮ್ಮ ತಪ್ಪು ಅಂತ ಬರೆದಿದ್ದಾರೆ," ಎಂದೆ.

"ಗೊತ್ತು. ಬಂದು ಓದಿ ಹೇಳಿದ್ರು."

"ನೀವು ಯಾಕೆ ಸುಮ್ನಿದ್ರಿ?"

ಬಟ್ಟೆ ಸುತ್ತಿದ ತೋಳನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡರು. "ಮತ್ತಿನ್ನೇನು ಹೇಳ್ಲಿ? ಅವರ ಕೈ ನಡುಗುತ್ತೆ ಅಂತಾನಾ? ಹೇಳಿದ್ರೆ ಅವರ ಕೆಲಸ ಹೋಗುತ್ತೆ. ಆಮೇಲೆ ಎಲ್ಲರದ್ದೂ ಹೋಗುತ್ತೆ. ನಂದೂ." ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಸಾರ್, ಅವರನ್ನ ಇನ್ನು ಬಾಯಿ ಹತ್ರ ಬಿಡಬೇಡಿ. ಬೈದ್ರೂ ಬಿಡಬೇಡಿ. ಮುಂದಿನ ಸಲ ಮುಖಕ್ಕೇ ಬೀಳುತ್ತೆ. ಅವರದ್ದೇ ಮುಖಕ್ಕೆ."

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತು ವರ್ಷ, ವಾರಕ್ಕೆ ಮೂರು ಸಲ. ಸಾವಿರದ ಐನೂರಕ್ಕೂ ಹೆಚ್ಚು ರಿಪೇರಿ. ಕಾರ್ಖಾನೆ ಉಳಿಯುತ್ತದೆ ಎಂದು ನಾನು ಬರೆದುಕೊಟ್ಟರೆ, ಅಷ್ಟು ಸಲ ಅಣ್ಣ ಅಲ್ಲಿ ಹೋಗಿ ನಿಲ್ಲಬೇಕು ಎಂದು ಬರೆದುಕೊಟ್ಟ ಹಾಗೆ.

ಏಪ್ರಿಲ್ ೮, ಮಂಗಳವಾರ

ಅಣ್ಣ ಕೆಲಸಕ್ಕೆ ಹೋಗುತ್ತಿದ್ದಾನೆ. ನಿನ್ನೆ ಎಪ್ಪತ್ತು ನಿಮಿಷ, ಇವತ್ತು ಅರವತ್ತನಾಲ್ಕು. ಪುಸ್ತಕದಲ್ಲಿ ಮೂವತ್ತೊಂಬತ್ತು, ಮೂವತ್ತೆಂಟು. ಗುಮಾಸ್ತರು ನನ್ನ ಮುಖ ನೋಡುವುದನ್ನು ಬಿಟ್ಟಿದ್ದಾರೆ. ಅಂದರೆ ಅವರಿಗೂ ಗೊತ್ತು. ಬಹುಶಃ ಎಲ್ಲರಿಗೂ ಗೊತ್ತು. ಎಲ್ಲರೂ ಸೇರಿ ಆ ಅಂಕಿಯನ್ನು ಎತ್ತಿ ಹಿಡಿದುಕೊಂಡಿದ್ದಾರೆ.

ಸಂಜೆ ಅಣ್ಣ ನನ್ನ ಕೋಣೆಗೆ ಬಂದ. "ವರದಿ ಹಾಗೇ ಇದೆ ತಾನೇ?"

"ಹಾಗೇ ಇದೆ."

"ಹಾಗೇ ಇರ್ಲಿ."

ಏಪ್ರಿಲ್ ೧೦, ಗುರುವಾರ

ಅತ್ತಿಗೆಯನ್ನು ಅಡುಗೆಮನೆಯಲ್ಲಿ ಕೇಳಿದೆ. "ನೀವು ಹೇಳಿ, ನಾನೇನು ಮಾಡ್ಲಿ?"

ಅತ್ತಿಗೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಎರಡು ವರ್ಷದಿಂದ ದಿನಾ ಬೆಳಿಗ್ಗೆ ಇವರನ್ನ ಕಳಿಸ್ತೀನಿ. ಸಂಜೆ ಗೇಟಿನ ಸದ್ದಾಗೋವರೆಗೂ ನಾನು ಮನುಷ್ಯಳಾಗಿರಲ್ಲ. ನನ್ನ ಕೇಳಬೇಡಪ್ಪ. ನಾನು ಹೇಳಿದ್ರೆ ನಾನೂರು ಮನೆ ನನ್ನ ತಲೆ ಮೇಲೆ ಬರುತ್ತೆ. ಹೇಳದಿದ್ರೆ ಇವರ ಜೀವ ಬರುತ್ತೆ. ನನ್ನ ಕೇಳಬೇಡ."

ಏಪ್ರಿಲ್ ೧೧, ಶುಕ್ರವಾರ

ಉದ್ದನೆಯ ಮೇಜು, ಎಂಟು ಜನ. ಕಾರ್ಮಿಕರ ಪರವಾಗಿ ಅಣ್ಣನೂ ಇದ್ದ. ಇಸ್ತ್ರಿ ಮಾಡಿದ ಅಂಗಿ, ಕೈಗಳೆರಡೂ ಮೇಜಿನ ಕೆಳಗೆ. ಮೇಡಂ ನನ್ನ ಪಕ್ಕದಲ್ಲಿ. ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಹೋಯಿತು. ಎರಡು ಲಕ್ಷದ ಹದಿನಾಲ್ಕು ಸಾವಿರ ಎಂದಾಗ ಮ್ಯಾನೇಜರ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡು ನಕ್ಕರು.

ಅಧ್ಯಕ್ಷರು ವಯಸ್ಸಾದವರು, ಅವಸರವಿಲ್ಲದವರು. ಹಾಳೆ ತಿರುವುತ್ತಾ, "ಈ ಮೂವತ್ತೆಂಟು ನಿಮಿಷ ನಂಬಬಹುದಾ?" ಎಂದರು. ಅಷ್ಟೇ ಕೇಳಿದ್ದು. ನಂಬಬಹುದು ಸಾರ್ ಎಂದಿದ್ದರೆ ಮುಗಿಯುತ್ತಿತ್ತು. ಅವರ ಕೈ ಆಗಲೇ ಮುಂದಿನ ಹಾಳೆಯ ಮೇಲಿತ್ತು.

"ಇಲ್ಲ," ಎಂದೆ.

ಆಮೇಲೆ ಎಲ್ಲ ಹೇಳಿದೆ. ನನ್ನ ಗಡಿಯಾರದ ಅಂಕಿಗಳನ್ನು ಒಂದೊಂದಾಗಿ ಓದಿದೆ. ಆ ರಿಪೇರಿ ಮಾಡುವವರು ನನ್ನ ಅಣ್ಣ, ಅವರಿಗೆ ಕಾಯಿಲೆ ಇದೆ, ಅವರನ್ನು ಇನ್ನು ಅಲ್ಲಿ ನಿಲ್ಲಿಸಬಾರದು ಎಂದೆ. ಸುಟ್ಟ ತೋಳು ಆ ನೌಕರಳ ತಪ್ಪಲ್ಲ, ಆಗ ಇಕ್ಕಳ ಅವರ ಕೈಯಲ್ಲೇ ಇರಲಿಲ್ಲ, ನಾನು ನೋಡಿದ್ದೇನೆ, ಬರೆದುಕೊಡುತ್ತೇನೆ ಎಂದೆ. ಕರಡಿನಲ್ಲಿ ತಪ್ಪು ಅಂಕಿ ಎಂದು ಗೊತ್ತಿದ್ದೇ ಹಾಕಿದವನು ನಾನು ಎಂದೆ. ಮೇಡಂ ಪೆನ್ನು ಕೆಳಗಿಟ್ಟರು. ನಾನು ಅಣ್ಣನ ಕಡೆ ನೋಡಲಿಲ್ಲ. ಕುರ್ಚಿ ಸರಿದ ಸದ್ದು, ಬಾಗಿಲ ಸದ್ದು ಕೇಳಿಸಿತು.

ಹೊರಗೆ ಬಂದಾಗ ಮೇಡಂ ಹೇಳಿದ್ದು ಇಷ್ಟೇ: "ನಾಳೆಯಿಂದ ಬರಬೇಡಿ. ನಾನೇ ಫೋನ್ ಮಾಡ್ತೀನಿ."

ಏಪ್ರಿಲ್ ೧೨

ಅಣ್ಣ ಮಾತಾಡಲಿಲ್ಲ.

ಏಪ್ರಿಲ್ ೧೭

ಇಲ್ಲ.

ಏಪ್ರಿಲ್ ೨೧, ಸೋಮವಾರ

ತೀರ್ಮಾನ ಬಂತು. ಹಳೆಯ ಕಾರ್ಖಾನೆ ಮುಚ್ಚುತ್ತದೆ. ನೂರ ಎಪ್ಪತ್ತು ಜನಕ್ಕೆ ಹೊಸ ಕಾರ್ಖಾನೆಯಲ್ಲಿ ಕೆಲಸ. ಉಳಿದವರಿಗೆ ಇಲ್ಲ. ಬೀದಿಯ ಕ್ಷೌರದಂಗಡಿಯವರು ಅರ್ಧ ಕ್ಷೌರ ಮಾಡಿ, "ಇದು ನೀನು ಮಾಡಿದ್ದಂತೆ?" ಎಂದು ಕೇಳಿದರು. ಹೌದೆಂದೆ. ಉಳಿದರ್ಧವನ್ನು ಮಾತಿಲ್ಲದೆ ಮುಗಿಸಿದರು.

ಕ್ರೇನಕ್ಕನ ಮೇಲಿದ್ದ ಮಾತನ್ನು ಅಪಘಾತದ ವರದಿಯಿಂದ ಹೊಡೆದುಹಾಕಿದ್ದಾರೆ. ನೂರ ಎಪ್ಪತ್ತರ ಪಟ್ಟಿಯಲ್ಲಿ ಅವರಿದ್ದಾರೆ, ಫಿಟ್ಟರ್ ಎಂದು. ಮೇಡಂ ಫೋನ್ ಮಾಡಿಲ್ಲ.

ಏಪ್ರಿಲ್ ೩೦, ಬುಧವಾರ

ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಬೇಕಿತ್ತು, ಅತ್ತಿಗೆಗೆ ಜ್ವರ. ನಾನು ಹೋದೆ. ನಾಲ್ಕು ಗಂಟೆ ಒಂದೇ ಬೆಂಚಿನ ಮೇಲೆ ಕೂತಿದ್ದೆವು, ಒಂದು ಮಾತಿಲ್ಲ. ಡಾಕ್ಟರು ಕೈ ಮುಂದೆ ಚಾಚಲು ಹೇಳಿದರು. ಅಣ್ಣ ಮೊದಲು ನನ್ನ ಕಡೆ ನೋಡಿದ. ನಾನು ಹೊರಗೆ ಹೋಗಲು ಎದ್ದೆ. "ಕೂತ್ಕೋ," ಎಂದ.

ಮೇ ೧೬, ಶುಕ್ರವಾರ

ಇವತ್ತು ಕುಲುಮೆ ಆರಿಸಿದರು. ಗಾಜನ್ನೆಲ್ಲ ನಿನ್ನೆಯೇ ಬಸಿದಿದ್ದರು. ಬರಿ ಬೆಂಕಿ ಉಳಿದಿತ್ತು. ಹೋಗುವುದಿಲ್ಲ ಎಂದು ಕೂತಿದ್ದೆ. ಬೆಳಿಗ್ಗೆ ಅಣ್ಣ ಬಾಗಿಲಲ್ಲಿ ನಿಂತು, "ಹೊರಡು," ಎಂದ.

ಮುನ್ನೂರಕ್ಕಿಂತ ಹೆಚ್ಚು ಜನ ಸೇರಿದ್ದರು. ನನಗೆ ದಾರಿ ಬಿಟ್ಟರು. ಮರ್ಯಾದೆಗೆ ಬಿಟ್ಟದ್ದಲ್ಲ, ಮೈ ತಾಗದಿರಲಿ ಎಂದು. ಕ್ರೇನಕ್ಕ ತೋಳಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು.

ಗ್ಯಾಸಿನ ಚಕ್ರವನ್ನು ಹಳೆಯ ಕೆಲಸಗಾರ ಅಣ್ಣನೇ ತಿರುಗಿಸಲಿ ಎಂದರು ಮ್ಯಾನೇಜರ್. ಅಣ್ಣ ಎರಡೂ ಕೈ ಚಕ್ರದ ಮೇಲಿಟ್ಟ. ಅದು ಬಿಗಿ ಚಕ್ರ. ಕೈ ನಿಲ್ಲಲಿಲ್ಲ. ಮತ್ತೆ ಇಟ್ಟ. ಎಲ್ಲರೂ ನೆಲ ನೋಡಿದರು. ಆಮೇಲೆ ಅಣ್ಣ ತಿರುಗಿ ನನ್ನನ್ನು ಹುಡುಕಿದ.

"ಬಾರೋ ಇಲ್ಲಿ."

ಹಿಂದಿನಿಂದ ಯಾರೋ, "ಅವನ ಕೈಲಿ ಬೇಡ!" ಎಂದು ಕೂಗಿದರು. ಅಣ್ಣ ಆ ಕಡೆ ನೋಡಲಿಲ್ಲ. "ನನ್ನ ತಮ್ಮ ತಿರುಗಿಸ್ತಾನೆ," ಎಂದ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವ ಹಾಗೆ.

ಚಕ್ರ ಬಿಸಿಯಿತ್ತು. ಅಣ್ಣ ನನ್ನ ಬೆನ್ನ ಮೇಲೆ ಕೈಯಿಟ್ಟು ನಿಂತ. ಆ ಕೈಯ ನಡುಕ ನನ್ನೊಳಗೆ ಇಳಿಯುತ್ತಿತ್ತು. ಎಷ್ಟು ಸುತ್ತು ತಿರುಗಿಸಿದೆನೋ. ಒಳಗಿನ ಭೋರ್ಗರೆತ ಸಣ್ಣದಾಗುತ್ತಾ ಬಂದು, ಆಮೇಲೆ ನಿಂತಿತು. ಆ ಸದ್ದು ಅಲ್ಲಿ ಇದೆ ಎಂಬುದೇ ಯಾರಿಗೂ ನೆನಪಿರಲಿಲ್ಲ ಅನ್ನಿಸುತ್ತದೆ. ಅದು ನಿಂತಾಗ ಎಷ್ಟೋ ಜನ ಬೆಚ್ಚಿ ತಲೆ ಎತ್ತಿದರು. ಪ್ಯಾಕಿಂಗಿನ ದಢೂತಿ ಮನುಷ್ಯರೊಬ್ಬರು ಬಿಕ್ಕಿ ಬಿಕ್ಕಿ ಅತ್ತರು.

ವಾಪಸು ಬರುವಾಗ ನೆತ್ತಿಯ ಮೇಲೆ ಬಿಸಿಲು. ಅರ್ಧ ದಾರಿ ನಡೆದೆವು. ಆಮೇಲೆ ಅಣ್ಣ, "ನೀನು ಮಾಡಿದ್ದು ಸರಿ ಅಂತ ನನ್ನ ಬಾಯಲ್ಲಿ ಬರಲ್ಲ," ಎಂದ.

"ಬರೋದು ಬೇಡ."

"ಮನೆಮನೆಗೆ ಹೋಗಿ ಮುಖ ತೋರಿಸ್ಬೇಕು ನಾನು. ಪುಸ್ತಕದಲ್ಲಿ ಬರೆಸಿದ್ದು ನಾನೇ ತಾನೇ." ಸ್ವಲ್ಪ ದೂರ ನಡೆದು, "ಅದು ಪೂರ್ತಿ ತಣ್ಣಗಾಗೋಕೆ ಎಷ್ಟು ದಿನ ಬೇಕು ಗೊತ್ತಾ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ನನ್ನ ಮಾದರಿಯಲ್ಲಿ ಕುಲುಮೆ ಆರಿದ ಮೇಲೆ ಏನೂ ಇರಲಿಲ್ಲ.

"ಹತ್ತು ದಿನ. ಬೇಗ ತಣ್ಣಗಾದ್ರೆ ಇಟ್ಟಿಗೆ ಬಿರಿಯುತ್ತೆ, ಯಾರಾದ್ರೂ ನೋಡ್ಕೋತಾ ಇರ್ಬೇಕು. ನಾನು ದಿನಾ ಬರ್ತೀನಿ ಅಂತ ಹೇಳಿದೀನಿ. ನೀನೂ ಬಾ."

ಬರುತ್ತೇನೆ ಎಂದೆ. ನಾಳೆ ಏಳೂವರೆಗೆ ಹೊರಡಬೇಕು.